ಮಾಬೂಬಿಯ ಕೈಗಳು

ಧಾರವಾಡದಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಗೋಡೆ ತುಂಬ ಊರವರ ಭಾವಚಿತ್ರಗಳಿರುವ ವಾಚನಾಲಯಕ್ಕೆ ಹೋದೆ. ಅಲ್ಲಿ ರಾಜರಿಲ್ಲ, ಕಲೆಕ್ಟರರಿಲ್ಲ. ಸದ್ಯ, ಬದುಕಿದೆ ಎಂದುಕೊಂಡೆ! ಶಾಲೆಯ ಮಾಸ್ತರರು, ಸಾರಂಗಿ ನುಡಿಸುವವರು, ನೇಕಾರರು ಇದ್ದರು.

ಹತ್ತಿರದ ಗರಗ ಊರಿನ ಖಾದಿ ಬಿಗಿದ ಚೌಕಟ್ಟಿನ ಮೇಲೆ ಚಿತ್ರಗಾರ, ಈಚೆಗೆ ತೀರಿಕೊಂಡ ಸೂಲಗಿತ್ತಿ ಮಾಬೂಬಿಯನ್ನು ಬರೆಯುತ್ತಿದ್ದ. ಆಕೆಯದೊಂದು ಫೋಟೋ ಕೂಡ ಇಲ್ಲ. ಅಂಥವರನ್ನು ಕಂಡವರೆಲ್ಲ ಸುತ್ತ ಕೂತು ಹೇಳಬೇಕು, ಅವನು ಬರೆಯಬೇಕು. ಇಲ್ಲಿಯ ಪದ್ಧತಿ ಅದು. ಮಾಬೂಬಿಯ ಕೈಗಳನ್ನು ಬರೆದಾಗಿತ್ತು. ಮುಖ ಖಾಲಿ.

"ಮೊದಲು ಮುಖವಲ್ಲವೇ?" ಎಂದೆ.

"ಮಾರಿ ಬಗ್ಗೆ ಒಬ್ಬೊಬ್ರು ಒಂದೊಂದು ಹೇಳ್ತಾರ್ರಿ," ಎಂದ ಚಿತ್ರಗಾರ. "ಕೈ ಮಾತ್ರ ಎಲ್ಲಾರೂ ಒಂದ ನಮೂನಿ ಹೇಳಿದ್ರು."

ಸುತ್ತ ಕೂತಿದ್ದ ಹೆಂಗಸರಲ್ಲಿ ಒಬ್ಬ ಮುದುಕಿ ನಕ್ಕಳು. "ಬ್ಯಾನಿ ತಿನ್ನುವಾಗ ಮಾರಿ ಯಾರು ನೋಡತಾರೋ ತಮ್ಮಾ? ಆ ಕೈ ಗಟ್ಟಿ ಹಿಡದ ಹಡದೇವಿ."

ಹಾಗೆಂದವಳು ಎದ್ದು ಹೋಗಿ ಆ ಕೈಗಳಿಗೆ ಹಣೆ ಹಚ್ಚಿದಳು.

"ಆಯೀ, ಬಣ್ಣ ಇನ್ನೂ ಹಸಿ ಐತ್ರಿ!" ಚಿತ್ರಗಾರ ಕೂಗಿದ. ಆಕೆಯ ಹಣೆಯ ಮೇಲೆ ಆಗಲೇ ಕಂದು ಬಣ್ಣ ಹತ್ತಿತ್ತು. ಅವನು ಒರೆಸಲು ಬಟ್ಟೆ ಚಾಚಿದ.

ಮುದುಕಿ ತೆಗೆದುಕೊಳ್ಳಲಿಲ್ಲ. "ಇರಲಿ ಬಿಡಪ್ಪಾ," ಎಂದಳು. "ಮನೀತನಕ ಬರಲಿ."