ಮೇಯರಮ್ಮ ಮತ್ತೆ ಗೆದ್ದ ಸಂಜೆ

ನನ್ನ ಹೆಂಡತಿ ಚುನಾವಣೆಯಲ್ಲಿ ಸೋಲಲಿ ಎಂದು ನಮ್ಮ ಟೌನ್‌ನಲ್ಲಿ ಮನಸಾರೆ ಬಯಸಿದವರು ಇಬ್ಬರೇ: ಅವಳ ಎದುರಾಳಿ ಮತ್ತು ನಾನು. ಅವಳು ಹಾಲಿ ಮೇಯರ್. ಎದುರಾಳಿಯ ಬೆನ್ನಿಗೆ ದೊಡ್ಡ ಪಕ್ಷವಿತ್ತು; ಇವಳು ಪಕ್ಷೇತರಳು. ಹಾಗಾಗಿ ಸೋಲುತ್ತಾಳೆ ಅನ್ನುವ ಹಾಳು ಆಸೆ ನನಗಿತ್ತು.

ಅವಳು ಮೇಯರ್ ಆಗುವ ಮೊದಲು ನಾನು ದಿನಾ ನ್ಯೂಯಾರ್ಕಿನ ಬ್ಯಾಂಕ್ ಕೆಲಸಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ಸಂಜೆ ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ಇಳಿದರೆ ಅವಳು ಕಾರು ತಂದು ಕಾಯುತ್ತಿದ್ದಳು. ದಾರಿಯುದ್ದಕ್ಕೂ ಮಾತು. ಮನೆ ಬಂದರೂ ಮುಗಿಯದಿದ್ದರೆ ನಿಲ್ಲಿಸದೆ ಮುಂದಕ್ಕೆ ಹೋಗಿಬಿಡುತ್ತಿದ್ದಳು. "ಇರ್ರೀ, ಇನ್ನೂ ಹೇಳೋದಿದೆ. ಇನ್ನೊಂದ್ ರೌಂಡ್ ಹೋಗೋಣ," ಅನ್ನುತ್ತಿದ್ದಳು. ಆ ಸುತ್ತುಗಳಷ್ಟು ಸುಖ ನನಗೆ ಈ ದೇಶದಲ್ಲಿ ಬೇರೆ ಯಾವುದೂ ಕೊಟ್ಟಿಲ್ಲ.

ಅವಳು ಮೇಯರ್ ಆದಮೇಲೆ ಆ ಸುತ್ತುಗಳು ನಿಂತವು. ಆಮೇಲೆ ಬ್ಯಾಂಕುಗಳು ಮುಳುಗಿದಾಗ ನನ್ನ ಕೆಲಸವೂ ಹೋಯಿತು. ಹೋದರೆ ಹೋಗಲಿ, ಸಂಜೆಗಳಾದರೂ ನಮ್ಮವಾಗುತ್ತವೆ ಅಂದುಕೊಂಡೆ. ಎಲ್ಲಿಯ ಸಂಜೆ! ಕೆಲಸ ಹೋದವರಿಗೆ, ಮನೆ ಕಳೆದುಕೊಳ್ಳುವವರಿಗೆ, ಎಲ್ಲರಿಗೂ ಅವಳೇ ಬೇಕು. ಅವಳು ಅವರಿವರ ಅಡುಗೆಮನೆಯಲ್ಲಿ ಕೂತು ಕಷ್ಟ ಕೇಳುತ್ತಿದ್ದಳು. ನಾನು ನಮ್ಮ ಅಡುಗೆಮನೆಯಲ್ಲಿ ಸಾರನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಿದ್ದೆ. ಕೆಲಸ ಹೋದವನು ಮನೆಯಲ್ಲೂ ಒಬ್ಬ ಇದ್ದಾನಲ್ಲ, ಮಾರಾಯ್ತಿ!

ಓಟು ಮಾತ್ರ ಅವಳಿಗೇ ಹಾಕಿದೆ. ಅವಳಿಗಿಂತ ಒಳ್ಳೆಯ ಮೇಯರ್ ಈ ಊರಿಗೆ ಸಿಗುವುದಿಲ್ಲ ಅಂತ ಗೊತ್ತಿತ್ತು, ಅದೇ ನನ್ನ ಸಂಕಟ.

ಗೆದ್ದಳು. ಗೆಲುವಿನ ಪಾರ್ಟಿಗೆ ಹತ್ತಿರದ ಎಡಿಸನ್ ಊರಿನಿಂದ ಬಂದಿದ್ದ ಆಂಟಿಯೊಬ್ಬರು ನನ್ನ ಬಾಯಿಗೆ ಮೈಸೂರ್‌ಪಾಕ್ ತುರುಕಿ, "ಏನಪ್ಪಾ ಮೇಯರಮ್ಮನ ಗಂಡ, ಇನ್ನು ನಾಲ್ಕ್ ವರ್ಷ ಅಡುಗೆ ನಿಂದೇ ಬಿಡು!" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ವೇದಿಕೆಯ ಮೇಲೆ ಅವಳ ಮುಖ ನೋಡಿ ಹೆಮ್ಮೆಯಿಂದ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ವಾಪಸು ಬರುವಾಗ ನಾನು ಡ್ರೈವ್ ಮಾಡುತ್ತಿದ್ದೆ, ಅವಳು ಪಕ್ಕದಲ್ಲಿ. ಎಷ್ಟು ದಿನದ ಮೇಲೆ ಇಬ್ಬರೇ! ಹೇಳಬೇಕಾದದ್ದು ಬೇಕಾದಷ್ಟಿತ್ತು. ಕಾರು ಹೊರಟದ್ದೇ ಅವಳ ಫೋನು ಬಡಿದುಕೊಂಡಿತು. ಒಂದು ಮುಗಿದರೆ ಇನ್ನೊಂದು. "ಥ್ಯಾಂಕ್ಯೂ, ಥ್ಯಾಂಕ್ಯೂ ಸೋ ಮಚ್," ಅನ್ನುತ್ತಲೇ ಇದ್ದಳು.

ಮನೆ ಬಂತು. ನಾನು ನಿಲ್ಲಿಸದೆ ಮುಂದಕ್ಕೆ ಹೋದೆ. ಅವಳು ನನ್ನ ಕಡೆ ತಿರುಗಿದಳು. ಎದೆ ಹೊಡೆದುಕೊಂಡಿತು, ಹೊಸ ಮದುವಣಿಗನ ಹಾಗೆ.

ಅವಳು ಫೋನಿಗೆ ಕೈ ಅಡ್ಡ ಹಿಡಿದು, "ಮನೆ ದಾಟ್ತಲ್ರೀ, ಎಲ್ಲಿದೆ ನಿಮ್ ಗಮನ?" ಅಂದಳು.

"ಸಾರಿ ಕಣೇ," ಎಂದು ಕಾರು ತಿರುಗಿಸಿದೆ.