ಐದಕ್ಕೆ ಐದು

ಆಗಿನ್ನೂ ಸರ್ಕಾರ ನಮ್ಮ ಬಾಗಿಲಿಗೆ ನಡೆದುಕೊಂಡೇ ಬರುತ್ತಿತ್ತು. ಖಾಕಿ ಚಡ್ಡಿ ಹಾಕಿಕೊಂಡು, ಹೆಗಲಿಗೆ ಚೀಲ ನೇತುಹಾಕಿಕೊಂಡು, ಬಿಸಿಲಿಗೆ ಬೆವರುತ್ತ ಬರುತ್ತಿತ್ತು. ಜಗಲಿಯ ಮೇಲೆ ಕೂತು ಒಂದು ಚೊಂಬು ನೀರು ಕೇಳಿ ಕುಡಿಯುತ್ತಿತ್ತು. ಹೋಗುವಾಗ ಕದದ ಮೇಲೆ ಸೀಮೆಸುಣ್ಣದಲ್ಲಿ ಏನಾದರೂ ಬರೆದು ಹೋಗುತ್ತಿತ್ತು. ಸೊಳ್ಳೆಗೆ ಔಷಧಿ ಹೊಡೆಯುವವರು ಒಂದು ಬರೆದರೆ ಜನಗಣತಿಯವರು ಇನ್ನೊಂದು, ಸಿಡುಬಿನ ದಾಕು ಹಾಕುವವರು ಮತ್ತೊಂದು. ಮೈಸೂರಿನ ಅಗ್ರಹಾರದ ನಮ್ಮ ಬೀದಿಯಲ್ಲಿ ಹೆಂಗಸರು ಹೊಸ್ತಿಲ ಮುಂದೆ ಬಿಡುತ್ತಿದ್ದ ರಂಗೋಲಿಗಿಂತ ಕದದ ಮೇಲೆ ಸರ್ಕಾರ ಬರೆದದ್ದೇ ಹೆಚ್ಚು ದಿನ ಬಾಳುತ್ತಿತ್ತು. ಮಳೆಗಾಲ ಬರುವವರೆಗೆ ಅದನ್ನು ಯಾರೂ ಒರೆಸುತ್ತಿರಲಿಲ್ಲ. ಒರೆಸಿದವಳು ನಾನೊಬ್ಬಳೇ.

ನನಗಾಗ ಒಂಬತ್ತು ವರ್ಷ. ಅಪ್ಪಾಜಿ, ಅವ್ವ, ನಾನು, ಮೂರು ವರ್ಷದ ತಮ್ಮ ಶಿವು, ನಮ್ಮೆಲ್ಲರ ಮೇಲೆ ತಾತ. ಹೀಗೆ ಮನೆಯಲ್ಲಿ ಐದು ಜನ. ತಾತನದು ಗ್ರಂಧಿಗೆ ಅಂಗಡಿ. ಮನೆಯ ಮುಂಭಾಗವೇ ಅಂಗಡಿಯಾದ್ದರಿಂದ ನಾವು ಉಣ್ಣುತ್ತಿದ್ದದ್ದೂ ಮಲಗುತ್ತಿದ್ದದ್ದೂ ಕರ್ಪೂರ, ಬಜೆ, ಹಿಪ್ಪಲಿ, ವಿಭೂತಿಗಳ ವಾಸನೆಯಲ್ಲೇ. ಶಾಲೆಯಲ್ಲಿ ನನ್ನ ಪಕ್ಕ ಕೂತವರಿಗೆ ನೆಗಡಿಯಾಗುವುದಿಲ್ಲವೆಂಬ ಪ್ರತೀತಿ ಇತ್ತು.

ತಾತ ವ್ಯಾಪಾರ ಮಾಡುತ್ತಿದ್ದದ್ದು ಬಿಡುವಾದಾಗ. ಅವರ ಮುಖ್ಯ ಉದ್ಯೋಗ ಪ್ರಜೆಯಾಗಿರುವುದು. ಮಹಾರಾಜರ ಕಾಲದಲ್ಲಿ ಆಯುಷ್ಯದ ಬಹುಭಾಗವನ್ನು ಬಾಯಿ ಮುಚ್ಚಿಕೊಂಡು ಕಳೆದಿದ್ದ ಮನುಷ್ಯ, ಓಟು ಎಂಬುದು ಕೈಗೆ ಬಂದ ಮೇಲೆ ತೆರೆದ ಬಾಯನ್ನು ಮತ್ತೆ ಮುಚ್ಚಲಿಲ್ಲ. ಚರಂಡಿ, ನಲ್ಲಿ ನೀರು, ಬೀದಿನಾಯಿ, ಮಂತ್ರಿಮಂಡಲ, ಎಲ್ಲದರ ಬಗ್ಗೆಯೂ ಅವರಲ್ಲಿ ಅಭಿಪ್ರಾಯದ ದಾಸ್ತಾನಿತ್ತು. ಅಳಲೆಕಾಯಿ ಕೊಳ್ಳಲು ಬಂದವರು ಅದರಲ್ಲಿ ಒಂದಿಷ್ಟನ್ನು ಪುಕ್ಕಟೆಯಾಗಿ ಒಯ್ಯಬೇಕಾಗುತ್ತಿತ್ತು. ಮಾತಾಡಿ ತೀರದ್ದನ್ನು ಪತ್ರಿಕೆಗೋ ಮೇಲಧಿಕಾರಿಗಳಿಗೋ ಬರೆಯುತ್ತಿದ್ದರು. ಕೆಳಗೆ 'ಒಬ್ಬ ಸಾಮಾನ್ಯ ಪ್ರಜೆ' ಎಂದು ಸಹಿ. ಇದು ಹೆಸರು ಮರೆಸಲು ಮಾಡಿದ ಉಪಾಯವೇನಲ್ಲ, ಅದರ ಕೆಳಗೆ ಅಂಗಡಿಯ ವಿಳಾಸ ಪೂರ್ತಿಯಾಗಿ ಇರುತ್ತಿತ್ತು. ತಾತನ ಅಕ್ಷರ ತಾತನಿಗೇ ಓದಲು ಬರುತ್ತಿರಲಿಲ್ಲವಾದ್ದರಿಂದ ಶುದ್ಧಪ್ರತಿ ಬರೆಯುವ ಕೆಲಸ ನನ್ನದು. ಒಂದು ಕಾಗದಕ್ಕೆ ಒಂದು ಚೂರು ಕಲ್ಲುಸಕ್ಕರೆ. ಆ ಪ್ರಾಯದಲ್ಲೇ ನಾನು 'ಆಡಳಿತದ ಅಕ್ಷಮ್ಯ ಉದಾಸೀನ' ಎಂದು ತಪ್ಪಿಲ್ಲದೆ ಬರೆಯಬಲ್ಲವಳಾಗಿದ್ದೆ. ಅಕ್ಷಮ್ಯ ಎಂದರೇನೆಂದು ಮಾತ್ರ ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಬೀದಿಗೆ ಒಟ್ಟಿಗೇ ಎರಡು ಬಂದವು: ನಗರಸಭೆಯ ಚುನಾವಣೆ ಮತ್ತು ಸಿಡುಬಿನ ಸುದ್ದಿ. ಹಿಂದಿನ ಬೀದಿಯಲ್ಲಿ ಯಾರದೋ ಮನೆಗೆ ಅಮ್ಮ ಬಂದಿದ್ದಾಳಂತೆ ಎಂದು ಹೆಂಗಸರು ಬಾವಿಯ ಬಳಿ ಪಿಸುಗುಟ್ಟಿದರು. ತಾತ ಕೂಡಲೇ ಕಾಗದ ಹಿಡಿದರು. 'ಮನೆಮನೆಗೆ ದಾಕು ಹಾಕಿಸದೆ ಸರ್ಕಾರ ಯಾವ ನಿದ್ದೆಯಲ್ಲಿದೆ?' ಎಂದು ನಾನು ಮೂರು ಪ್ರತಿ ಬರೆದೆ.

ಸರ್ಕಾರ ಎದ್ದಿತೋ, ಮೊದಲೇ ಎದ್ದಿತ್ತೋ, ಒಂದು ಸೋಮವಾರ ಬೆಳಿಗ್ಗೆ ಬೀದಿಯಲ್ಲಿ ತಮಟೆಯಾಯಿತು. ದಾಕಿನ ಚನ್ನಯ್ಯ ಬಂದ. ಬಡಕಲು ಮನುಷ್ಯ, ನಂಜನಗೂಡಿನ ಕಡೆಯ ಹಳ್ಳಿಯವನು. ಕೈಯಲ್ಲಿ ಸ್ಪಿರಿಟ್ ದೀಪ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಾಜಿನ ಕೊಳವೆಗಳು, ಮುಳ್ಳುಮುಳ್ಳಾದ ಒಂದು ಬಿಲ್ಲೆ. ಆ ಬಿಲ್ಲೆಯನ್ನು ತೋಳಿಗೊತ್ತಿ ತಿರುಪುವುದೇ ದಾಕು. ಎದುರು ಮನೆಯ ಸರೋಜಳಿಗೆ ತಿರುಪಿದಾಗ ಅವಳು ಹಾಕಿದ ಕೂಗಿಗೆ ನಮ್ಮ ಅಂಗಡಿಯ ತಕ್ಕಡಿ ಅಲುಗಿತು ಎಂದು ಇವತ್ತಿಗೂ ನನ್ನ ನಂಬಿಕೆ.

ಚನ್ನಯ್ಯನ ಕೆಲಸಕ್ಕೊಂದು ಕ್ರಮವಿತ್ತು. ಪ್ರತಿ ಮನೆಯ ಕದದ ಮೇಲೆ ಮೇಲ್ಗಡೆ ಮನೆಯ ಜನರ ಸಂಖ್ಯೆ, ಅದರಡಿ ಒಂದು ಗೆರೆ, ಗೆರೆಯ ಕೆಳಗೆ ದಾಕು ಹಾಕಿಸಿಕೊಂಡವರ ಸಂಖ್ಯೆ. ಎದುರು ಮನೆಗೆ ಐದಕ್ಕೆ ಐದು ಬಂತು. ಕೈಯಲ್ಲಿ ದೀಪ, ಬಿಲ್ಲೆ ಹಿಡಿದು ಪುಸ್ತಕ ಬರೆಯಲಾಗದು. ಅದಕ್ಕೇ ಸಂಜೆ ಬೀದಿಯುದ್ದಕ್ಕೂ ನಡೆದು, ತಾನೇ ಕದಗಳ ಮೇಲೆ ಬರೆದದ್ದನ್ನು ನೋಡಿ ನೋಡಿ ಪುಸ್ತಕ ತುಂಬುತ್ತಿದ್ದ. ಕೆಳಗೆ ಸೊನ್ನೆ ಇದ್ದ ಮನೆಗೆ ಮತ್ತೆ ಹೋಗುತ್ತಿದ್ದ. ತನ್ನ ನೆನಪಿಗಿಂತ ಸುಣ್ಣವನ್ನೇ ನಂಬಿದ್ದ ಮನುಷ್ಯ.

ನಮ್ಮ ಮನೆಗೆ ಬಂದಾಗ ಸಾಮಾನ್ಯ ಪ್ರಜೆ ಶಿವಪೂಜೆಗೆ ಕೂರುವುದರಲ್ಲಿದ್ದರು.

"ಇವತ್ತು ಸೋಮವಾರ ಕಣಯ್ಯ, ಪೂಜೆ ಮುಗಿದಿಲ್ಲ. ಹೊತ್ತು ಇಳಿದ ಮೇಲೆ ಬಾ, ನೋಡಾಣ," ಎಂದರು.

"ನೀವೇ ಎಲ್ಲಾರಿಗೂ ಹೇಳೋರು ಯಜಮಾನ್ರೇ. ಅಂಗೇ ಆಗ್ಲಿ, ಸಂಜೀಕೆ ಬತ್ತೀನಿ," ಎಂದು ಚನ್ನಯ್ಯ ಮೇಲೆ ಐದು, ಕೆಳಗೆ ಸೊನ್ನೆ ಬರೆದು ಹೋದ.

ತಾತನಿಗೂ ಬಿಲ್ಲೆಯೆಂದರೆ ಅಳುಕಿತ್ತೆಂಬುದು ನನಗೆ ಬಹಳ ವರ್ಷಗಳ ಮೇಲೆ ಹೊಳೆಯಿತು. ಆಗ ನನಗೆ ನನ್ನ ಅಳುಕೇ ಸಾಕಾಗಿತ್ತು. ಮಧ್ಯಾಹ್ನ ಮಜ್ಜಿಗೆ ಅನ್ನ ಉಂಡು ಎಲ್ಲರೂ ಅಡ್ಡಾದರು. ಬೀದಿ ಬಿಕೋ ಎನ್ನುತ್ತಿತ್ತು. ಕುಂಟೆಬಿಲ್ಲೆಯ ಮನೆ ಬರೆಯಲೆಂದು ನನ್ನ ಲಂಗದ ಸೊಂಟದಲ್ಲಿ ಸದಾ ಒಂದು ಚೂರು ಸೀಮೆಸುಣ್ಣ ಇರುತ್ತಿತ್ತು. ಎಂಜಲು ಹಚ್ಚಿದ ಬೆರಳಿನಿಂದ ಸೊನ್ನೆಯನ್ನು ಒರೆಸಿದೆ. ಎದುರು ಮನೆಯ ಕದ ನೋಡಿಕೊಂಡು ಅಲ್ಲಿ ಐದು ಬರೆದೆ. ಲೆಕ್ಕದಲ್ಲಿ ನನಗೆ ಯಾವತ್ತೂ ಐದಕ್ಕೆ ಐದು ಬಂದಿರಲಿಲ್ಲ. ಕೊಂಚ ದೂರ ನಿಂತು ನೋಡಿ ಹೆಮ್ಮೆಪಟ್ಟೆ.

ಸಂಜೆ ಚನ್ನಯ್ಯ ಕದ ನೋಡುತ್ತ, ಪುಸ್ತಕ ತುಂಬುತ್ತ ಬಂದ. ನಮ್ಮ ಕದದ ಮುಂದೆ ಒಂದು ಗಳಿಗೆ ನಿಂತ. ನಾನು ಮೆಣಸಿನ ಮೂಟೆಯ ಹಿಂದೆ ಕೂತಿದ್ದೆ. ಆತ ಹಣೆ ಒರೆಸಿಕೊಂಡು, ಬರೆದುಕೊಂಡು, ಮುಂದಿನ ಮನೆಗೆ ಹೋದ. ಒಳಗಿದ್ದ ತಾತ ಸ್ವಲ್ಪ ಹೊತ್ತು ಕಾದು, "ನೋಡ್ದಾ, ಬತ್ತೀನಿ ಅಂದೋನು ಬರ್ಲಿಲ್ಲ. ಇದೇ ನಮ್ಮ ಸರ್ಕಾರ," ಎಂದರು. ಬಿಲ್ಲೆಯೂ ತಪ್ಪಿ, ದೂರುವುದಕ್ಕೊಂದು ವಿಷಯವೂ ಸಿಕ್ಕಿದ್ದರಿಂದ ಅವರ ಮುಖದಲ್ಲಿ ಕಳೆ ಇತ್ತು. ಕದದ ಹೊರಮೈ ಅವರ ಕಣ್ಣಿಗೆ ಬೀಳುವಂಥದ್ದಲ್ಲ. ಅದು ಬೀದಿಯ ಕಡೆಗಿತ್ತು, ಅವರು ಕೂರುತ್ತಿದ್ದದ್ದು ಅಂಗಡಿಯ ಒಳಗೆ.

ನನಗೆ ತೊಟ್ಟಿಲಲ್ಲಿದ್ದಾಗ ಒಮ್ಮೆ ದಾಕು ಹಾಕಿಸಿದ್ದರು. ಶಿವುವಿಗೆ ಅದೂ ಆಗಿರಲಿಲ್ಲ. ಐದು ಬರೆಯುವಾಗ ಅವನೂ ಆ ಐದರಲ್ಲಿ ಒಬ್ಬ ಎಂಬುದು ನನ್ನ ತಲೆಗೆ ಬರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಬಂದಿದ್ದರೂ ಬರೆಯುತ್ತಿದ್ದೆನೇನೋ.

ಎರಡು ವಾರ ಕಳೆದ ಮೇಲೆ ಶಿವುವಿಗೆ ಜ್ವರ ಬಂತು. ನಾಲ್ಕನೆಯ ದಿನ ಅವ್ವ ಅವನ ಹಣೆ ಸವರಿ ನೋಡಿ, ಹೋಗಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಮನೆಯಲ್ಲಿ ಒಗ್ಗರಣೆ ನಿಂತಿತು. ಅಮ್ಮ ಬಂದ ಮನೆಯಲ್ಲಿ ಸಾಸಿವೆ ಸಿಡಿಯಬಾರದು. ಅಮ್ಮ ಇದ್ದಷ್ಟು ದಿನ ನಾವು ತಣ್ಣಗಿನ ಮೊಸರನ್ನ ಉಂಡೆವು. ಕರ್ಪೂರದ ಮನೆಯಲ್ಲಿ ಬೇವು ಮತ್ತು ಕೀವಿನ ವಾಸನೆ ತುಂಬಿತು. ಶಿವು ಅಳುವುದನ್ನೂ ಬಿಟ್ಟ. ಅಪ್ಪಾಜಿ ಬಾಳೆ ಎಲೆ ತಂದು ಹಾಸುತ್ತಿದ್ದರು. ಅವನ ಮೈ ಬಟ್ಟೆಗೆ ಅಂಟಿಕೊಳ್ಳುತ್ತಿತ್ತು. ನಾನು ಹಿತ್ತಿಲಿನಲ್ಲಿ ಕೂತು ದೇವರೊಡನೆ ವ್ಯವಹಾರ ಕುದುರಿಸುತ್ತಿದ್ದೆ: ಇವನು ಬದುಕಿದರೆ ನಿಜ ಹೇಳುತ್ತೇನೆ.

ಅವನು ಬದುಕಿದ. ನಾನು ಹೇಳಲಿಲ್ಲ.

ಅಷ್ಟರಲ್ಲಿ ಒಂದು ದಿನ ಕದದ ಹೊರಮೈಯನ್ನು ತಾತ ಕಂಡುಬಿಟ್ಟಿದ್ದರು. ಐದಕ್ಕೆ ಐದು. ದುಃಖಕ್ಕಿಂತ ಸಿಟ್ಟು ಸಲೀಸಾದದ್ದು. ತಾತ ಅದನ್ನೇ ಹಿಡಿದುಕೊಂಡರು. ಮನೆಗೆ ಬಾರದೆಯೇ ಬಾಗಿಲಿಗೆ ಬರೆದು ಹೋದ ನೌಕರನ ವಿರುದ್ಧ ನಾಲ್ಕು ಪುಟದ ಅರ್ಜಿ ತಯಾರಾಯಿತು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. 'ಬೆಳಿಗ್ಗೆ ಬಂದಾತನನ್ನು ಪೂಜೆಯ ನಿಮಿತ್ತ ಸಂಜೆ ಬರಲು ಹೇಳಲಾಗಿ' ಎಂಬ ಸಾಲಿಗೆ ಬಂದಾಗ ತಾತ ತಕ್ಕಡಿಯ ತಟ್ಟೆ ಒರೆಸತೊಡಗಿದರು. ಆಮೇಲೆ ಬೇರೆ ಕಡೆ ನೋಡುತ್ತ ಅಂದರು:

"ಆ ಸಾಲು ಬೇಡ ಬುಡಮ್ಮ. ಉದ್ದ ಆಯ್ತದೆ."

ಹೊಡೆದುಹಾಕಿದೆ. ಕದದ ಮೇಲೆ ಸುಳ್ಳು ಬರೆದ ಕೈಯೇ ಕಾಗದದ ಮೇಲೆ ದೂರು ಬರೆಯಿತು. ಇಂಥ ಕಾರ್ಯದಕ್ಷತೆಯನ್ನು ಯಾವ ಇಲಾಖೆಯಲ್ಲೂ ಮತ್ತೆ ನಾನು ಕಂಡಿಲ್ಲ. ಕಲ್ಲುಸಕ್ಕರೆ ಕೊಟ್ಟರು. ತಿನ್ನಲಾಗಲಿಲ್ಲ, ಇರುವೆಗಳಿಗೆ ಹಾಕಿದೆ.

ಅರ್ಜಿಯ ಒಂದು ಪ್ರತಿ ಚುನಾವಣೆಗೆ ನಿಂತಿದ್ದ ಹೊಸ ಅಭ್ಯರ್ಥಿಯ ಕೈ ಸೇರಿತು. ಜಟಕಾದ ಮೇಲೆ ಮೈಕು ಕಟ್ಟಿಸಿಕೊಂಡು ಅವರು ನಮ್ಮ ಬೀದಿಯಲ್ಲೇ ಭಾಷಣ ಮಾಡಿದರು. ಬಾಗಿಲಿಗೆ ದಾಕು ಹಾಕಿ ಮಕ್ಕಳನ್ನು ಬಿಟ್ಟ ಆಡಳಿತ ನಿಮಗೆ ಬೇಕೇ ಎಂದು ಕೇಳಿದರು. ಬೇಡ ಎಂದು ಬೀದಿ ಕೂಗಿತು. ನನ್ನ ಒಂದಂಕಿ ಇಷ್ಟು ದೂರ ಪ್ರಯಾಣ ಮಾಡುತ್ತದೆಂದು ನಾನು ತಿಳಿದಿರಲಿಲ್ಲ. ಹಾಲಿ ಮೆಂಬರರು ತಮ್ಮ ತಲೆ ಉಳಿಸಿಕೊಳ್ಳಲು ಒಂದು ತಲೆ ಕೊಡಬೇಕಾಗಿತ್ತು. ಚನ್ನಯ್ಯನ ನೌಕರಿ ಖಾಯಂ ಆಗಿರಲಿಲ್ಲ. ಅದು ಎಲ್ಲರಿಗೂ ಅನುಕೂಲವಾಯಿತು.

ವಿಚಾರಣೆಗೆಂದು ಇನ್ಸ್‌ಪೆಕ್ಟರೊಬ್ಬರು ಚನ್ನಯ್ಯನನ್ನು ಕರೆದುಕೊಂಡು ಮನೆಗೆ ಬಂದರು. ಹುರುಪೆ ಉದುರಿದ ಶಿವು ಅವ್ವನ ತೊಡೆಯ ಮೇಲಿದ್ದ. ಮುಖವೆಲ್ಲ ಗುಳಿ. ಅವನನ್ನು ನೋಡಿ ಚನ್ನಯ್ಯ ಗೋಡೆಗೆ ಕೈ ಕೊಟ್ಟು ನಿಂತ. ಇದು ನಿನ್ನ ಬರಹವೇ ಎಂದು ಇನ್ಸ್‌ಪೆಕ್ಟರು ಕದ ತೋರಿಸಿ ಕೇಳಿದರು.

"ನಂದಲ್ಲ ಅನ್ನಾಕೆ ಬಾಯಿ ಬರಾಕಿಲ್ಲ ಸಾರ್," ಎಂದ ಚನ್ನಯ್ಯ. "ಬುಕ್ಕಲ್ಲಿ ನಾನೇ ಬರ್ದಿವ್ನಿ. ಆದ್ರೆ ಈ ಮಗೀನ ತೋಳು ಹಿಡ್ದಿದ್ದು ಗ್ಯಾಪ್ನ ಇಲ್ಲ." ಆಮೇಲೆ ತಾತನ ಕಡೆ ತಿರುಗಿದ. "ಯಜಮಾನ್ರೇ, ನೀವು ಸಂಜೀಕೆ ಬಾ ಅಂದಿದ್ರಿ, ಅಲ್ವಾ?"

ತಾತ ವಿಭೂತಿ ಗಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಇನ್ಸ್‌ಪೆಕ್ಟರು ಕಾದರು. ತಾತ ಹೇಳಿದ್ದು ಇಷ್ಟೇ:

"ಸಂಜೆ ನೀನು ಬರಲಿಲ್ಲ ಕಣಯ್ಯ."

ಅದು ಸುಳ್ಳಲ್ಲ. ನಾನು ಕಂಬದ ಹಿಂದೆ ನಿಂತಿದ್ದೆ. ಒಂದು ಮಾತು ಸಾಕಿತ್ತು. ಸೊಂಟದಲ್ಲಿದ್ದ ಸುಣ್ಣದ ಚೂರನ್ನು ಇನ್ನಷ್ಟು ಒಳಕ್ಕೆ ತಳ್ಳಿಕೊಂಡೆ. ಚನ್ನಯ್ಯನಿಗೆ ಸೇರಬೇಕಾದ ಆ ಮಾತು ಅರವತ್ತು ವರ್ಷ ಮೀರಿದರೂ ಸೇರಿಲ್ಲ.

ಬಂದದ್ದು ಬಂದಾಯಿತು, ಉಳಿದವರಿಗಾದರೂ ಹಾಕಿಬಿಡು ಎಂದರು ಇನ್ಸ್‌ಪೆಕ್ಟರು. ತಾತ ಮೊದಲು ತೋಳು ಚಾಚಿ ಕಣ್ಣು ಮುಚ್ಚಿಕೊಂಡರು. ಕೊನೆಗೆ ನಾನು. ತೋಳು ಎತ್ತಿದಾಗ ಸೊಂಟದಿಂದ ಸೀಮೆಸುಣ್ಣದ ಚೂರು ಜಾರಿ ನೆಲಕ್ಕೆ ಬಿತ್ತು. ಚನ್ನಯ್ಯ ಬಗ್ಗಿ ಅದನ್ನೆತ್ತಿಕೊಂಡ. ಬೆರಳಲ್ಲಿ ತಿರುಗಿಸಿ ನೋಡಿದ. ನನ್ನನ್ನು ನೋಡಿದ. ಇನ್ಸ್‌ಪೆಕ್ಟರು ಎರಡು ಹೆಜ್ಜೆ ಆಚೆಗಿದ್ದರು.

"ಕುಂಟೆಬಿಲ್ಲೆ ಆಡ್ತೀಯೇನವ್ವಾ?" ಎಂದ.

ತಲೆಯಾಡಿಸಿದೆ. ಚೂರನ್ನು ನನ್ನ ಅಂಗೈಲಿಟ್ಟು ಬೆರಳು ಮಡಿಸಿದ. "ಜ್ವಾಪಾನ. ಒಂಚೂರು ಉರೀತದೆ, ಅಳಬ್ಯಾಡ."

ಬಿಲ್ಲೆ ತಿರುಪಿದ. ನಾನು ಅಳಲಿಲ್ಲ. ನೋವೇನೂ ಹೇಳಿಕೊಳ್ಳುವಷ್ಟಿರಲಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು.

ಅವನಿಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನ ನೌಕರಿಯ ಕೊನೆಯ ತೋಳು ನನ್ನದೇ ಎಂದು ಮಾತ್ರ ಆಮೇಲೆ ತಿಳಿಯಿತು. ಊರಿಗೆ ಹೋಗಿ ಕೂಲಿಗೆ ಸೇರಿದನೆಂದು ಯಾರೋ ಅಂದರು. ನಂಜನಗೂಡು ಎಷ್ಟು ದೂರ? ದೊಡ್ಡವಳಾದ ಮೇಲೆ ಎಷ್ಟೋ ಸಲ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದೇನೆ. ಇಳಿಯಲಿಲ್ಲ.

ಹಾಲಿ ಮೆಂಬರರೇ ಮತ್ತೆ ಗೆದ್ದರು. ತಾತ ಆಮೇಲೆ ಯಾರಿಗೂ ಕಾಗದ ಬರೆಯಲಿಲ್ಲ. ಅಳಲೆಕಾಯಿ ಕೇಳಿದವರಿಗೆ ಅಳಲೆಕಾಯಿ ಮಾತ್ರ ಕೊಡುತ್ತಿದ್ದರು. ಕದದ ಮೇಲೆ ಬರೆದವರು ಯಾರೆಂದು ಅವರು ನನ್ನನ್ನು ಕೇಳಲಿಲ್ಲ, ಆ ಸಾಲು ಯಾಕೆ ಬೇಡವೆಂದಿರಿ ಎಂದು ನಾನೂ ಕೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಪರಾಧಿಗಳು ಹದಿಮೂರು ವರ್ಷ ಒಬ್ಬರಿಗೊಬ್ಬರು ಕಾಫಿ ಲೋಟ ದಾಟಿಸುತ್ತ ಬದುಕಿದೆವು. ಶಿವುವಿಗೆ ನಲವತ್ತು ದಾಟಿದ ಮೇಲೆ ಅವನಿಗೊಬ್ಬನಿಗೆ ಹೇಳಿದೆ. ಅವನು ನಕ್ಕ. "ಹಂಗಾದ್ರೆ ನನ್ನ ಮುಖದ ಮೇಲಿರೋದು ನಿನ್ನ ಕೈಬರಹ ಅನ್ನು ಅಕ್ಕ," ಎಂದ. ಅವನ ಪಾಲಿನ ಕ್ಷಮೆಯನ್ನು ಅವನು ಕೊಟ್ಟ. ಚನ್ನಯ್ಯನ ಪಾಲಿನದ್ದು ಅವನ ಬಳಿ ಇರಲಿಲ್ಲ.

ಈಗ ಸಿಡುಬಿಲ್ಲ. ಮೊಮ್ಮಕ್ಕಳ ತೋಳು ನುಣುಪಾಗಿದೆ. ಸರ್ಕಾರ ಫೋನಿಗೆ ಬರುತ್ತದೆ, ಸಂದೇಶ ಹಾಕುತ್ತದೆ, ನೀರು ಕೇಳುವುದಿಲ್ಲ. ಅದನ್ನು ಬೈಯುವವರು ಬೇಕಾದಷ್ಟಿದ್ದಾರೆ. ಸಂಜೆಗೆ ಬಾ ಎಂದು ಕಳಿಸಿದ್ದು ನಾವೇ ಎಂಬ ಸಾಲನ್ನು ಎಲ್ಲರೂ ಉದ್ದವಾಗುತ್ತದೆಂದು ಬಿಡುತ್ತಾರೆ. ಬೆಳಿಗ್ಗೆ ಇಲ್ಲವೆಂದವರ ಮನೆಗೆ ಸಂಜೆ ಮತ್ತೆ ನಡೆದು ಬರುವ ಮನುಷ್ಯ ಮಾತ್ರ ಎಲ್ಲೂ ಕಾಣುವುದಿಲ್ಲ. ನಮ್ಮ ಬೀದಿಗೆ ಅಂಥವನೊಬ್ಬ ಬರುತ್ತಿದ್ದ, ಅವನನ್ನು ಕಳೆದವಳು ನಾನು.

ಆ ದಾಕು ಚೆನ್ನಾಗಿ ಎದ್ದು, ಹಣ್ಣಾಗಿ, ಹುರುಪೆಗಟ್ಟಿ ಉದುರಿತು. ಎಡತೋಳಿನಲ್ಲಿ ಕಲೆ ಇವತ್ತಿಗೂ ಇದೆ, ಗುಂಡಗೆ. ಸ್ನಾನ ಮಾಡುವಾಗ ಕೈ ಅಲ್ಲಿಗೆ ಹೋಗುತ್ತದೆ. ಚನ್ನಯ್ಯ ನಮ್ಮ ಕದದ ಮೇಲೆ ಬರೆದಿದ್ದ ಸೊನ್ನೆ ಸರಿಯಾಗಿ ಇಷ್ಟೇ ದೊಡ್ಡದಿತ್ತು. ಅದನ್ನು ಎಂಜಲಿನಲ್ಲಿ ಒರೆಸಿಬಿಟ್ಟೆ. ಇದು ಹೋಗುವುದಿಲ್ಲ.