ಊದಿನಕಡ್ಡಿಯ ಹೊಗೆ ಹೋದ ದಾರಿ

ಮೊನ್ನೆ ಮನೆಗೆ ಹೊಸ ಏರ್ ಕೂಲರ್ ಬಂತು. ಅಂಗಡಿಯಿಂದ ಬಂದವನು ಹಿಂದಿನ ಪ್ಯಾಡ್ ಮೇಲೆ ಒಂದು ತಂಬಿಗೆ ನೀರು ಸುರಿದದ್ದೇ ತಡ, ಲಾವಂಚದ ವಾಸನೆ ರೂಮು ತುಂಬಿತು. ನಾನು ಮಂಚದ ಅಂಚು ಹಿಡಿದು ಕೂತುಬಿಟ್ಟೆ. "ಏನಾತ್ರಿ ಅಮ್ಮಾರ, ಬಿಪಿ ಏನ್ರಿ?" ಅಂದ ಅವನು ಗಾಬರಿಯಾಗಿ. ಬಿಪಿ ಅಲ್ಲಪ್ಪ. ಆ ವಾಸನೆಯ ಹಿಂದೆಯೇ ಪಕ್ಕದ ಮನೆಯ ಅಕ್ಕ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಬಂದು ನಿಂತಿದ್ದರು...

ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಗೆ ಮುಖ ಮಾಡಿದ ಹಳೆಯ ಮಾಳಿಗೆ ಮನೆಗಳು. ಹಿತ್ತಲಿನ ಆಚೆ ಕಾಲುವೆ, ಕಾಲುವೆಯ ಆಚೆ ಬಾಳೆ ತೋಟ. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಇಲ್ಲಿ ಸೊಸೆಯಾಗಿ ಬಂದು, ಇಂಗ್ಲಿಷ್ ಟೀಚರ್ ಆದವಳು. ಅಕ್ಕ ಮಾಧ್ವರ ಮನೆಯ ಸೊಸೆ, ಮಡಿ, ಏಕಾದಶಿ ಯಾವುದನ್ನೂ ತಪ್ಪಿಸಿದವರಲ್ಲ. ಆದರೆ ಹಟ ಅಂದರೆ ಹಟ. ವಾಟ್ ಎ ಸ್ಟಬರ್ನ್ ವುಮನ್!

ಅದು ಅದಿರಿನ ಹುಚ್ಚು ಹಿಡಿದಿದ್ದ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿದ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ನಮ್ಮ ಬಾಗಿಲ ಮುಂದೆ ಹಗಲಿರುಳೂ ಹಾಯುತ್ತಿದ್ದವು. ಬೇವಿನ ಎಲೆ ಕೆಂಪು, ರಂಗೋಲಿ ಕೆಂಪು, ಬೆಕ್ಕು ಸಹ ಕೆಂಪು. ಅಕ್ಕ ಒಗೆದ ಬಟ್ಟೆ ಝಾಡಿಸುತ್ತಾ ಗೋಡೆಯ ಮೇಲಿಂದ ಕೂಗುತ್ತಿದ್ದರು: "ಟೀಚರಮ್ಮ, ನೋಡ್ರಿ, ನಮ್ಮನಿಯವರು ಸನ್ಯಾಸ ತೊಗೊಂಡಾರ. ಪಂಚಿ ತಾನೇ ಕಾವಿ ಆಗ್ಯದ!"

ನಗುತ್ತಿದ್ದರು, ಆದರೆ ನಗುವ ಹೊತ್ತಾಗಿರಲಿಲ್ಲ ಅದು. ಅವರ ಯಜಮಾನರಿಗೆ ಉಬ್ಬಸ. ರಿಟೈರ್ ಆದಮೇಲೆ ರಸ್ತೆ ಕಡೆಯ ಪಡಸಾಲೆಯಲ್ಲೇ ಅವರ ಮಂಚ. ಬೇಸಿಗೆ ಬಂತೆಂದರೆ ದಿಂಬುಗಳಿಗೆ ಒರಗಿ, ಬಾಯಿ ತೆರೆದು, ಒಂದೊಂದೇ ಉಸಿರು ಎಳೆಯುತ್ತಿದ್ದರು. ಆ ಸದ್ದು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಡಾಕ್ಟರು ಹೇಳಿದ್ದು ಒಂದೇ ಮಾತು: ಧೂಳೂ ಆಗಬಾರದು, ಸೆಕೆಯೂ ಆಗಬಾರದು, ಈ ಮನೆಯಲ್ಲಿ ಇನ್ನೊಂದು ಬೇಸಿಗೆ ಕಷ್ಟ. ಯಜಮಾನರು ಮನೆ ಬಿಡಲು ಒಪ್ಪಲಿಲ್ಲ. ಎಸಿ ಹಾಕಿಸೋಣವೆಂದರೆ, ಮಧ್ಯಾಹ್ನವಾದರೆ ಕರೆಂಟೇ ಇರುತ್ತಿರಲಿಲ್ಲ. ಧೂಳು ಬೇಡವೆಂದು ಕಿಟಕಿ ಮುಚ್ಚಿದರೆ ಮನೆ ಇಡ್ಲಿ ಪಾತ್ರೆ. ಸೆಕೆಯೆಂದು ತೆರೆದರೆ ಸಂಡೂರಿನ ಗುಡ್ಡವೇ ಒಳಗೆ.

"ಬೇಸಿಗಿ ಬರಲಿ," ಅಂದರು ಅಕ್ಕ. "ನಾನೂ ನೋಡ್ತೀನಿ."

ಮೊದಲು ಕಿಟಕಿಗಳಿಗೆ ಒದ್ದೆ ದುಪ್ಪಟಿ ಕಟ್ಟಿದರು. ಸಂಜೆಯೊಳಗೆ ಅವು ಕೆಸರು ಮೆತ್ತಿದ ಗೋಣಿಚೀಲಗಳಾದವು. ಆಮೇಲೆ ಪೇಟೆಯಿಂದ ಲಾವಂಚದ ತಟ್ಟಿ ತರಿಸಿ ಬಾಗಿಲಿಗೆ ತೂಗುಹಾಕಿ ನೀರು ಚಿಮುಕಿಸಿದರು. ವಾಸನೆ ಏನೋ ಸ್ವರ್ಗ. ಆದರೆ ಮುಚ್ಚಿದ ಮನೆಯೊಳಗೆ ಆ ತೇವವೆಲ್ಲ ನಿಂತುಬಿಟ್ಟಿತು. ಫ್ಯಾನು ಇದ್ದಾಗಲೂ ಅದೇ ಬಿಸಿ ಗಾಳಿಯನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತಿತ್ತು. ಯಜಮಾನರ ತುಟಿ ನೀಲಿಗಟ್ಟಿತು. ಆಟೋ ಹಿಡಿದು ನಾವಿಬ್ಬರೂ ಅವರನ್ನು ಆಸ್ಪತ್ರೆಗೆ ಒಯ್ದೆವು. ಆಕ್ಸಿಜನ್ ಕೊಟ್ಟರು. ವರಾಂಡದ ಬೆಂಚಿನ ಮೇಲೆ ಅಕ್ಕ ಅಳಲಿಲ್ಲ. ಎದುರಿನ ದೇವರ ಪಟದ ಮುಂದೆ ಯಾರೋ ಹಚ್ಚಿಟ್ಟ ಊದಿನಕಡ್ಡಿಯನ್ನೇ ದಿಟ್ಟಿಸಿ ನೋಡುತ್ತಾ ಕೂತಿದ್ದರು. ಅದರ ಹೊಗೆ ಬಾಗಿ, ಬಾಗಿ, ಗೋಡೆಯ ಮೇಲಿನ ವೆಂಟಿಲೇಟರ್ ಕಿಂಡಿಯ ಕಡೆಗೆ ಹೋಗುತ್ತಿತ್ತು...

ಮರುದಿನ, ಯಜಮಾನರು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ, ನನ್ನನ್ನು ಕರೆದರು. ಕೈಯಲ್ಲಿ ಹಚ್ಚಿದ ಊದಿನಕಡ್ಡಿ. "ಪೂಜೆ ಅಲ್ಲ, ಬರ್ರಿ" ಅಂದರು. ಕೋಣೆಕೋಣೆಗೂ ಆ ಕಡ್ಡಿ ಹಿಡಿದು ನಡೆದೆವು. ಪಡಸಾಲೆಯಲ್ಲಿ ಹೊಗೆ ಅಲ್ಲೇ ಸುತ್ತಿತು. ನಡುಮನೆಯಲ್ಲೂ ಅಷ್ಟೇ. ಹಿತ್ತಲ ಕಡೆಯ ದೇವರಮನೆಗೆ ಬಂದಾಗ ಮಾತ್ರ, ಬಾಳೆ ತೋಟದತ್ತ ಇದ್ದ ಸಣ್ಣ ಕಿಟಕಿಯಿಂದ ಗಾಳಿ ಬಂದು, ಹೊಗೆ ಒಳಕ್ಕೆ ವಾಲಿ, ನೆಟ್ಟಗೆ ಮೇಲೆದ್ದು, ಮಾಳಿಗೆಗೆ ಬಡಿದು ಹರಡಿಕೊಂಡಿತು.

"ಹಾಟ್ ಏರ್ ರೈಸಸ್ ಅಕ್ಕಾ," ಅಂದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಪಾಠ. "ಬಿಸಿ ಗಾಳಿ ಮೇಲೇರತದ."

"ಏರ್ತದ, ಸರಿ. ಏರಿ ಎಲ್ಲಿ ಹೋಗಬೇಕು?"

ಇಬ್ಬರೂ ತಲೆಯೆತ್ತಿದೆವು. ಅಲ್ಲಿ, ದೇವರಮನೆಯ ನಡು ನೆತ್ತಿಗೆ, ಹಿರಿಯರು ಬಿಟ್ಟಿದ್ದ ಬೆಳಕಿಂಡಿ. ಲಾರಿಗಳು ಶುರುವಾದಾಗ ನೈವೇದ್ಯದ ಮೇಲೆ ಕೆಂಪು ಧೂಳು ಉದುರುತ್ತದೆಂದು ಅಕ್ಕನ ಅತ್ತೆಯವರೇ ಅದರ ಮೇಲೆ ಚಪ್ಪಡಿ ಎಳೆಸಿ ಸಿಮೆಂಟ್ ಹಾಕಿಸಿದ್ದರು. ದೇವರಿಗೆ ಧೂಳು ತಾಗದಿರಲೆಂದು ಮನೆಯ ಮೂಗನ್ನೇ ಮುಚ್ಚಿದ್ದರು.

ಬೆಳಕಿಂಡಿ ಒಡೆಯುವುದೇನೋ ಸುಲಭ. ಅಕ್ಕ ನಿಶ್ಚಯಿಸಿದ್ದು ಅದಕ್ಕಿಂತ ದೊಡ್ಡದು. ಗಾಳಿ ಆಡುವುದು ದೇವರಮನೆಯಲ್ಲಿ, ಆದ್ದರಿಂದ ಯಜಮಾನರ ಮಂಚ ಅಲ್ಲಿಗೆ. ದೇವರು ನಡುಮನೆಗೆ.

ಅತ್ತೆಯವರ ಕೂಗು ಬೀದಿಗೆ ಕೇಳಿಸಿತು. "ದೇವರಮನ್ಯಾಗ ಹಾಸಿಗಿ ಹಾಸ್ತೀಯೇನ? ಉಚ್ಚಿ ಪಾತ್ರಿ ಇಡ್ತೀಯೇನ? ನನ್ನ ಹೆಣ ಬಿದ್ದಮ್ಯಾಲೆ ಮಾಡು!"

ಅಕ್ಕ ದನಿ ಏರಿಸಲಿಲ್ಲ. "ದೇವರಿಗೆ ಉಬ್ಬಸ ಇಲ್ಲ ಅತ್ತ್ಯಾರ. ನಿಮ್ಮ ಮಗನಿಗೆ ಅದ."

ಮುದುಕಿ ಆ ದಿನ ಊಟ ಮಾಡಲಿಲ್ಲ. ಅಕ್ಕನೂ ಮಾಡಲಿಲ್ಲ. ಆಸ್ಪತ್ರೆಯಿಂದ ಮರಳಿದ್ದ ಯಜಮಾನರ ಆ ಸದ್ದು ಪಡಸಾಲೆಯಿಂದ ಬರುತ್ತಲೇ ಇತ್ತು, ಎಳೆದು, ನಿಂತು, ಮತ್ತೆ ಎಳೆದು... ಮರುದಿನ ಬೆಳಿಗ್ಗೆ ನಾನು ಹೋದಾಗ ಅತ್ತೆಯವರು ಒದ್ದೆ ಮಡಿಸೀರೆಯಲ್ಲಿ ಸಾಲಿಗ್ರಾಮದ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡುಮನೆಗೆ ಬರುತ್ತಿದ್ದರು. ಹಿಂದೆ ಬಂದ ಸೊಸೆಗೆ, "ಹತ್ತರ ಬರಬ್ಯಾಡ, ಮೈಲಿಗಿ. ನನ್ನ ದೇವರನ್ನ ನಾನೇ ಕರಕೊಂಡು ಬರ್ತೀನಿ. ನೀ ನಿನ್ನ ಗಂಡನ್ನ ಕರಕೊಂಡು ಬಾ" ಅಂದರು. ಒಪ್ಪಿಗೆ ಅಂದರೆ ಅಷ್ಟೇ ಆ ಮನೆಯಲ್ಲಿ.

ಗೌಂಡಿ ಬಂದು ಚಪ್ಪಡಿ ಎಬ್ಬಿಸಿದ. ಕೆಳಗೆ ನಿಂತು ಅಕ್ಕನದೇ ಸೂಪರ್‌ವಿಷನ್. ಕಿಂಡಿಯ ಮೇಲೆ ಇಟ್ಟಿಗೆಯ ಗೂಡು ಕಟ್ಟಿಸಿದರು, ರಸ್ತೆಗೆ ಬೆನ್ನು, ಕಾಲುವೆಗೆ ಬಾಯಿ. "ಹಿಂಗ್ಯಾಕ್ರಿ, ಉಲ್ಟಾ ಕಾಣತೈತಲ್ಲ?" ಅಂದ ಗೌಂಡಿ. "ಲಾರಿಗೆ ಬೆನ್ನು ತೋರ್ಸೂದು ಕಲಿತೀನಪ್ಪ, ಕಟ್ಟು" ಅಂದರು. ರಸ್ತೆಯ ಕಿಟಕಿಗಳ ಸಂದುಗಳಿಗೆಲ್ಲ ಹಳೆ ಸೀರೆಯ ಪಟ್ಟಿ ತುರುಕಿ ಮುಚ್ಚಿದೆವು. ಲಾವಂಚದ ತಟ್ಟಿ ಹಿತ್ತಲ ಕಿಟಕಿಗೆ ಹೋಯಿತು. ಮಡಿಬಟ್ಟೆ ಒಣಹಾಕುವ ಗಳವನ್ನೂ ಅಲ್ಲಿಗೇ ಕಟ್ಟಿಸಿದರು. ಅತ್ತೆಯವರ ಒದ್ದೆ ಸೀರೆ ದಿನವೂ ಮಗನಿಗೆ ತಂಪು ಬೀಸಲೆಂದು.

ಆ ಮಧ್ಯಾಹ್ನ ಕರೆಂಟ್ ಇರಲಿಲ್ಲ. ಅಕ್ಕ ಊದಿನಕಡ್ಡಿ ಹಚ್ಚಿದರು. ಹೊಗೆ ತಟ್ಟಿಯ ಕಡೆಯಿಂದ ವಾಲಿ, ಮಂಚ ದಾಟಿ, ಮೇಲೆ ಹೋಗಿ, ಕಿಂಡಿಯೊಳಗೆ ನುಸುಳಿ ಕಾಣೆಯಾಯಿತು. ನಾವು ಮೂವರು ಹೆಂಗಸರು ಬಾಯಿ ಬಿಟ್ಟು ನೋಡುತ್ತಾ ನಿಂತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ಕಣ್ಣು ತೆರೆದು, "ಏನು, ನನಗೇ ಮಂಗಳಾರತಿ ಶುರು ಮಾಡೀರೇನು?" ಅಂದರು. ಒಂದೇ ಉಸಿರಿನಲ್ಲಿ ಅಂದರು. ಅಕ್ಕ ಆಗ ಅತ್ತರು. ನಾನು ಅವರು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ.

ರೋಗ ವಾಸಿಯಾಯಿತು ಎಂದು ನಾನು ಬರೆಯಲಾರೆ. ಆದರೆ ಡಾಕ್ಟರು ಕಷ್ಟ ಅಂದ ಬೇಸಿಗೆ ಕಳೆಯಿತು, ಅದರ ಮುಂದಿನದೂ, ಅದರಾಚೆಯದೂ. ಒಂದು ಚಳಿಗಾಲದಲ್ಲಿ, ಅದೇ ಕೋಣೆಯಲ್ಲಿ, ನಿದ್ದೆಯಲ್ಲೇ ಹೋದರು. ಸೂತಕ ಕಳೆದ ಮೇಲೆ ದೇವರನ್ನು ವಾಪಸ್ ಒಯ್ಯೋಣವೇ ಎಂದು ಅಕ್ಕ ಕೇಳಿದರೆ, "ಇರಲಿ ಬಿಡು, ಅವನಿಗೆ ನಡುಮನ್ಯಾಗೇ ರೂಢಿ ಆಗ್ಯದ" ಎಂದು ಅತ್ತೆಯವರು ತಮ್ಮ ಚಾಪೆಯನ್ನು ಆ ಬೆಳಕಿಂಡಿಯ ಕೆಳಗೆ ಹಾಸಿಕೊಂಡರು!

ಈಗ ಅವರಾರೂ ಇಲ್ಲ. ಅಕ್ಕನೂ ಹೋಗಿ ಬಹಳ ಕಾಲವಾಯಿತು. ಆ ಮನೆಯ ಜಾಗದಲ್ಲಿ, ನಮ್ಮ ಗೋಡೆಯ ಆಚೆಗೇ, ಕಾಂಪ್ಲೆಕ್ಸ್ ಎದ್ದಿದೆ, ಮೈತುಂಬ ಗಾಜು.

ಕೂಲರ್ ಹುಡುಗ ಪ್ಲಗ್ ಸಿಗಿಸಿ, ನನ್ನ ರೂಮಿನ ಕಿಟಕಿ ಎಳೆಯತೊಡಗಿದ. "ಎಲ್ಲಾ ಮುಚ್ಚಿಬಿಡ್ರಿ ಅಮ್ಮಾರ, ಇಲ್ಲಂದ್ರ ತಂಪು ಹೊರಗ ಹೋಗತೈತಿ."

"ಒಂದು ನಿಮಿಷ ತಡಿಯಪ್ಪ," ಅಂದು ದೇವರ ಗೂಡಿನಿಂದ ಊದಿನಕಡ್ಡಿ ತಂದು ಹಚ್ಚಿದೆ. ಹೊಗೆ ಮೇಲೆದ್ದು, ಯಾವಾಗಲೋ ಪೇಂಟು ಬಳಿದು ಅಂಟಿಹೋದ ವೆಂಟಿಲೇಟರಿನ ಕೆಳಗೆ ದಾರಿ ಕಾಣದೆ ನಿಂತಿತು. "ಅದನ್ನ ಬಿಚ್ಚು" ಅಂದೆ. ಹಳೇದು ಬಿಡ್ರಿ, ಮುರಿದೀತು, ಅಂದ. "ಮುರಿಯಲಿ. ಏಣಿ ಹಿತ್ತಲದಾಗ ಅದ."

ಗೊಣಗುತ್ತಾ ಹತ್ತಿದ. ಸ್ಕ್ರೂಡ್ರೈವರ್ ಹಾಕಿ ಮೀಟಿದ. ಹಳೆಯ ಕೆಂಪು ಧೂಳು ಒಂದು ಹಿಡಿಯಷ್ಟು ಸುರಿದು, ನನ್ನ ಬಿಳಿ ಸೀರೆಯ ಮೇಲೆ ಬಿತ್ತು. ಹೊಗೆ ಒಂದು ಕ್ಷಣ ತಡವರಿಸಿ, ಬಾಗಿ, ಹೊರಗೆ ಹೋಯಿತು.

"ಅಕ್ಕಾ, ಹೋತು ನೋಡ್ರಿ!" ಅಂದೆ, ಗೋಡೆಯ ಕಡೆ ತಿರುಗಿ... ಗಟ್ಟಿಯಾಗಿಯೇ ಅಂದಿರಬೇಕು. ಏಣಿಯ ಮೇಲಿನ ಹುಡುಗ ನನ್ನನ್ನೂ, ಗೋಡೆಯನ್ನೂ ನೋಡಿದ. ನಾನು ಸೀರೆಯ ಮೇಲಿನ ಕೆಂಪನ್ನು ಝಾಡಿಸಲಿಲ್ಲ.